ಪಾವಿನ ಲೆಕ್ಕ, ಗ್ರಾಮಿನ ಲೆಕ್ಕ

ಮೈಸೂರುಪಾಕಿನ ಅಳತೆ ಕೇಳಿ ನೋಡಿ. ಹಳೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ: ಒಂದು ಬಟ್ಟಲು ಕಡಲೆಹಿಟ್ಟು, ಎರಡು ಬಟ್ಟಲು ಸಕ್ಕರೆ, ಎರಡು ಬಟ್ಟಲು ತುಪ್ಪ. ತುಪ್ಪದ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಕೈ, ಅದು ಬೇರೆ ಮಾತು. ಈ ಅಳತೆಯನ್ನು ಫೋನಿನಲ್ಲಿ ಕೇಳಿ ಬರೆದುಕೊಂಡ ಹೊಸಬರು ಅಂಗಡಿಗೆ ಹೋಗಿ ಕಾಲು ಕೆಜಿ ಕಡಲೆಹಿಟ್ಟು, ಅರ್ಧ ಕೆಜಿ ಸಕ್ಕರೆ, ಅರ್ಧ ಕೆಜಿ ತುಪ್ಪ ತಂದು, ಲೆಕ್ಕ ಸರಿಯಾಯಿತೆಂದು ಪೊಟ್ಟಣ ಒಡೆದು ಹಾಗೇ ಬಾಣಲೆಗೆ ಸುರಿದರೆ ಸಿಗುವುದು ಮೈಸೂರುಪಾಕಲ್ಲ, ಸಿಹಿ ಸಾಲದ ಹಿಟ್ಟಿನ ಮುದ್ದೆ.

ಕಾರಣ ಅಂಕಿಯಲ್ಲೇ ಇದೆ. ಅಮೆರಿಕದ ಕೃಷಿ ಇಲಾಖೆ ಪ್ರಕಟಿಸುವ ಆಹಾರ ಪಟ್ಟಿಯ ಪ್ರಕಾರ, ಜರಡಿ ಹಿಡಿದ ಕಡಲೆಹಿಟ್ಟು ಅವರ ಒಂದು ಕಪ್ಪಿಗೆ, ಅಂದರೆ ಸುಮಾರು 237 ಮಿ.ಲೀ. ಜಾಗಕ್ಕೆ, 92 ಗ್ರಾಂ ತೂಗುತ್ತದೆ. ಅದೇ ಕಪ್ಪಿನಲ್ಲಿ ಸಕ್ಕರೆ 200 ಗ್ರಾಂ. ಕರಗಿಸಿದ ತುಪ್ಪ 210 ಗ್ರಾಮಿನ ಆಸುಪಾಸು. ಬಟ್ಟಲಿನಲ್ಲಿ ಒಂದಕ್ಕೆ ಎರಡಾಗಿದ್ದ ಸಕ್ಕರೆ ತಕ್ಕಡಿಗೆ ಬಂದಾಗ ಒಂದಕ್ಕೆ ನಾಲ್ಕನ್ನೂ ದಾಟುತ್ತದೆ. ಕಾಲು ಕೆಜಿ ಕಡಲೆಹಿಟ್ಟಿಗೆ ನಿಜವಾಗಿ ಬೇಕಿದ್ದುದು ಒಂದು ಕೆಜಿಗಿಂತ ತುಸು ಹೆಚ್ಚು ಸಕ್ಕರೆ. ಹಾಕಿದ್ದು ಅದರ ಅರ್ಧಕ್ಕಿಂತಲೂ ಕಡಿಮೆ.

ಹಾಗಾದರೆ ದೋಸೆಗೆ ಯಾಕೆ ಈ ತೊಂದರೆ ಬರುವುದಿಲ್ಲ? ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ ಎಂದು ಹೇಳಿಸಿಕೊಂಡವರು ಮೂರು ಕೆಜಿಗೆ ಒಂದು ಕೆಜಿ ನೆನೆಹಾಕಿದರೂ ದೋಸೆ ಕಾವಲಿಯಿಂದ ಚೆನ್ನಾಗಿಯೇ ಏಳುತ್ತದೆ. ಅಕ್ಕಿ ಒಂದು ಕಪ್ಪಿಗೆ 185ರಿಂದ 200 ಗ್ರಾಂ ತೂಗಿದರೆ ಉದ್ದು ಸುಮಾರು 207 ಗ್ರಾಂ ತೂಗುತ್ತದೆ. ಎರಡೂ ಹೆಚ್ಚುಕಡಿಮೆ ಸರಿಸಮ. ನಮ್ಮ ದಿನನಿತ್ಯದ ಅಡುಗೆ ಬಹುಪಾಲು ಕಾಳು, ಬೇಳೆ, ಅಕ್ಕಿಯ ಮೇಲೆ ನಿಂತಿರುವುದರಿಂದಲೇ ಅಳತೆ ಮತ್ತು ತೂಕದ ನಡುವಿನ ಈ ಅಂತರ ಬಹಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ ಎಂದು ನನಗನಿಸುತ್ತದೆ. ಹಿಟ್ಟು, ಬೆಲ್ಲ, ತೆಂಗಿನತುರಿ, ಉಪ್ಪು ಬಂದ ಕಡೆ ಮಾತ್ರ ಅದು ತಟ್ಟನೆ ಎದುರಾಗುತ್ತದೆ.

ಅಳತೆಯನ್ನು ತೂಕಕ್ಕೆ ತಿರುಗಿಸುವ ಒಂದೇ ಒಂದು ಸೂತ್ರ ಇದೆಯೇ ಎಂದು ಕೇಳುವವರು ಬಹಳ. ಇಲ್ಲ. ನೀರಿಗೆ ಮಾತ್ರ ಅಂಥ ಸುಲಭ ಸಂಬಂಧ ಇದೆ: ಒಂದು ಮಿಲಿಲೀಟರಿಗೆ ಒಂದು ಗ್ರಾಂ. ಉಳಿದ ಪ್ರತಿ ಪದಾರ್ಥಕ್ಕೂ ತನ್ನದೇ ಒಂದು ಸಂಖ್ಯೆ. ದ್ರವಗಳಲ್ಲಿ ಈ ಸಂಖ್ಯೆ ಹೆಚ್ಚು ತಂಟೆ ಮಾಡುವುದಿಲ್ಲ. ಹಾಲು 1.03, ಅಡುಗೆ ಎಣ್ಣೆ 0.91ರಿಂದ 0.92, ಜೇನು 1.4ಕ್ಕಿಂತ ಹೆಚ್ಚು. ಹಳ್ಳಿಯ ಹಾಲಿನ ಡೇರಿಯಲ್ಲಿ ತೇಲಿಬಿಡುವ ಲ್ಯಾಕ್ಟೋಮೀಟರ್ ನೋಡುವುದೂ ಇದನ್ನೇ. ಹಾಲಿಗೆ ನೀರು ಬೆರೆತರೆ ಅದೇ ಜಾಗದ ತೂಕ ಇಳಿಯುತ್ತದೆ, ಮಾಪಕ ಇನ್ನಷ್ಟು ಮುಳುಗುತ್ತದೆ.

ಕಾಳು ಮತ್ತು ಪುಡಿಗಳ ಕಥೆ ಹಾಗಲ್ಲ, ಏಕೆಂದರೆ ಅಲ್ಲಿ ಪಾವಿನೊಳಗೆ ಪದಾರ್ಥದ ಜೊತೆ ಗಾಳಿಯೂ ಕೂತಿರುತ್ತದೆ. ಅಕ್ಕಿ ಕಾಳು ನೀರಿನಲ್ಲಿ ಮುಳುಗುತ್ತದೆ, ಅಂದರೆ ನೀರಿಗಿಂತ ಭಾರ. ಆದರೂ ಒಂದು ಲೀಟರ್ ಜಾಗದಲ್ಲಿ ಹಿಡಿಯುವ ಅಕ್ಕಿ 800 ಗ್ರಾಂ ಆಸುಪಾಸು ಮಾತ್ರ. ತುಂಬಿದ ಪಾವಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜಾಗ ಅಕ್ಕಿಯದು, ಉಳಿದದ್ದೆಲ್ಲ ಕಾಳುಗಳ ನಡುವಿನ ಸಂದು. ಗಣಿತಜ್ಞರು ಇದರ ಹಿಂದೆ ಶತಮಾನಗಳ ಕಾಲ ಬಿದ್ದಿದ್ದರು. ಒಂದೇ ಗಾತ್ರದ ಗೋಲಿಗಳನ್ನು ಡಬ್ಬಿಗೆ ಸುರಿದು ಚೆನ್ನಾಗಿ ಅಲುಗಾಡಿಸಿದರೆ ಗೋಲಿಗಳು ತುಂಬುವುದು ಶೇ 64ರಷ್ಟು ಜಾಗವನ್ನು. ಹಣ್ಣಿನಂಗಡಿಯವರು ಕಿತ್ತಳೆ ಪೇರಿಸುವ ಹಾಗೆ ಒಂದೊಂದಾಗಿ ಒಪ್ಪವಾಗಿ ಜೋಡಿಸಿದರೂ ಶೇ 74ನ್ನು ಮೀರುವುದಿಲ್ಲ. 1611ರಲ್ಲಿ ಯೊಹಾನೆಸ್ ಕೆಪ್ಲರ್ ಊಹಿಸಿದ ಈ ಮಿತಿಗೆ ಪುರಾವೆ ಕೊಟ್ಟವರು ಥಾಮಸ್ ಹೇಲ್ಸ್, 1998ರಲ್ಲಿ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಗೋಲಿ ದೊಡ್ಡದೋ ಸಣ್ಣದೋ ಎಂಬುದರಿಂದ ಆ ಪ್ರಮಾಣ ಬದಲಾಗುವುದಿಲ್ಲ. ಬದಲಾಯಿಸುವುದು ಕಾಳಿನ ಆಕಾರ, ಸಣ್ಣದು ದೊಡ್ಡದು ಬೆರೆತಿರುವ ರೀತಿ, ಮತ್ತು ಒಂದಕ್ಕೊಂದು ಅಂಟಿಕೊಳ್ಳುವ ಗುಣ. ನುಚ್ಚು ಬೆರೆತ ಅಕ್ಕಿಯಲ್ಲಿ ನುಚ್ಚು ಸಂದುಗಳಿಗೆ ಇಳಿದುಬಿಡುವುದರಿಂದ ಅದೇ ಪಾವು ತುಸು ಹೆಚ್ಚು ತೂಗುತ್ತದೆ. ಪುಡಿಯ ವಿಷಯದಲ್ಲಿ ಅಂಟುವ ಗುಣವೇ ಎಲ್ಲವನ್ನೂ ತಲೆಕೆಳಗು ಮಾಡುತ್ತದೆ. 200 ಗ್ರಾಂ ತೂಗುತ್ತಿದ್ದ ಕಪ್ ಸಕ್ಕರೆಯನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಅದೇ ಕಪ್ಪಿಗೆ ತುಂಬಿ: ಸುಮಾರು 120 ಗ್ರಾಮಿಗೇ ಕಪ್ ತುಂಬಿಹೋಗುತ್ತದೆ, ಉಳಿದ 80 ಗ್ರಾಂ ಹೊರಗೇ ಉಳಿಯುತ್ತದೆ. ಪದಾರ್ಥ ಅದೇ ಸಕ್ಕರೆ. ನುಣುಪಾದ ಕಣಗಳು ಎಷ್ಟು ಹಗುರವೆಂದರೆ ತಮ್ಮ ಭಾರಕ್ಕೆ ತಾವೇ ಜಾರಿ ಕೆಳಗೆ ಕೂರಲಾರವು. ಒಂದನ್ನೊಂದು ಹಿಡಿದುಕೊಂಡು ನಡುವೆ ಗಾಳಿಯನ್ನು ಉಳಿಸಿಕೊಳ್ಳುತ್ತವೆ.

ಹಿಟ್ಟಿನ ಅಳತೆ ಕೈಯಿಂದ ಕೈಗೆ ಬದಲಾಗುವುದು ಇದೇ ಕಾರಣಕ್ಕೆ. ಮೈದಾವನ್ನು ಚಮಚದಿಂದ ಹಗುರವಾಗಿ ಕಪ್ಪಿಗೆ ತುಂಬಿ, ಚಾಕುವಿನ ಬೆನ್ನಿನಿಂದ ಸವರಿದರೆ 120ರಿಂದ 125 ಗ್ರಾಂ. ಅದೇ ಕಪ್ಪನ್ನು ಡಬ್ಬಿಗೆ ಮುಳುಗಿಸಿ, ಒಳಗಿನ ಗೋಡೆಗೆ ಒತ್ತಿ ಮೊಗೆದರೆ 140 ದಾಟುತ್ತದೆ, 150 ಕೂಡ ಆಗಬಹುದು. ಕಪ್ಪನ್ನು ಕಟ್ಟೆಗೆ ಎರಡು ಸಲ ಕುಟ್ಟಿದರೆ ಹಿಟ್ಟು ಅರ್ಧ ಬೆರಳು ಕೆಳಗಿಳಿಯುತ್ತದೆ, ಆ ಖಾಲಿ ಜಾಗಕ್ಕೆ ಮತ್ತೊಂದು ಚಮಚ ಬೀಳುತ್ತದೆ. ಎರಡು ಕಪ್ ಮೈದಾ ಬೇಡುವ ಕೇಕಿಗೆ ಹೀಗೆ 50 ಗ್ರಾಂ ಹೆಚ್ಚು ಹಿಟ್ಟು ಸೇರಿದರೆ ಕೇಕ್ ಒಣಗಿ, ಬಿರುಕು ಬಿಟ್ಟು, ಪುಡಿಪುಡಿಯಾಗುತ್ತದೆ. ಒಲೆ ಸರಿಯಿಲ್ಲ, ಸೋಡಾ ಹಳತು ಎಂದು ಎಲ್ಲವನ್ನೂ ದೂರುತ್ತೇವೆ. ಗಿರಣಿಯಿಂದ ಆಗತಾನೇ ತಂದ ಅಕ್ಕಿಹಿಟ್ಟು ಅರಳಿಕೊಂಡಿರುತ್ತದೆ. ವಾರ ಕಳೆದು ಡಬ್ಬಿಯಲ್ಲಿ ಕುಸಿದ ಮೇಲೆ ಅದೇ ಲೋಟದಲ್ಲಿ ಅದು ಹೆಚ್ಚು ತೂಗುತ್ತದೆ. ಅಕ್ಕಿರೊಟ್ಟಿಗೆ ನೀರು ಒಂದು ದಿನ ಸಾಕಾಗಿ ಇನ್ನೊಂದು ದಿನ ಸಾಲದೇ ಹೋಗುವುದಕ್ಕೆ ಇದೂ ಒಂದು ಕಾರಣ.

ಬೆಲ್ಲದ್ದು ಇನ್ನೂ ಕಷ್ಟ. ಪುಡಿಬೆಲ್ಲಕ್ಕೆ ಹತ್ತಿರವಾದ ಕಂದು ಸಕ್ಕರೆಗೆ ಅಮೆರಿಕದ ಅದೇ ಪಟ್ಟಿ ಎರಡು ಅಂಕಿ ಕೊಡುತ್ತದೆ: ಸಡಿಲವಾಗಿ ತುಂಬಿದರೆ ಕಪ್ಪಿಗೆ 145 ಗ್ರಾಂ, ಒತ್ತಿ ತುಂಬಿದರೆ 220. ‘ಒಂದು ಕಪ್ ಬೆಲ್ಲ’ ಎಂದಷ್ಟೇ ಬರೆದ ಹೋಳಿಗೆಯ ಪಾಕವಿಧಾನ ಈ ಎರಡರಲ್ಲಿ ಯಾವುದನ್ನು ಹೇಳುತ್ತಿದೆ? ಉಂಡೆಬೆಲ್ಲವನ್ನು ಜಜ್ಜಿ ಹಾಕುವವರಿಗಂತೂ ಕಪ್ಪಿನ ತುಂಬ ಸಂದುಗಳೇ. ತೆಂಗಿನತುರಿಯೂ ಅಷ್ಟೆ. ಸಡಿಲವಾಗಿ ತುಂಬಿದರೆ ಕಪ್ಪಿಗೆ 80 ಗ್ರಾಂ, ಅಂಗೈಯಿಂದ ಅದುಮಿದರೆ ಬೇರೆಯೇ.

ಕರ್ನಾಟಕದ ಅಡುಗೆಮನೆಗೆ ಈ ಎರಡು ಲೆಕ್ಕಗಳ ನಡುವೆ ಓಡಾಡುವುದು ಹೊಸದಲ್ಲ. ಸೊಲಗೆ, ಮಾನ, ಬಳ್ಳ, ಕೊಳಗ, ಖಂಡುಗ ಎಲ್ಲವೂ ಪಾತ್ರೆಯ ಅಳತೆಗಳು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಎಷ್ಟು ಬಿತ್ತನೆ ಹಿಡಿಯುತ್ತದೆ ಎಂಬ ಲೆಕ್ಕದಲ್ಲಿ ಗದ್ದೆಯನ್ನೂ ಖಂಡುಗದಲ್ಲೇ ಹೇಳುತ್ತಿದ್ದರು. ಕರಾವಳಿಯಲ್ಲಿ ಕುಡ್ತೆ, ಕಳಸೆ. ಬಯಲುಸೀಮೆಯಲ್ಲಿ ಪಾವು, ಅಚ್ಚೇರು, ಸೇರು. ಇವುಗಳಲ್ಲಿ ಸೇರು ಮಾತ್ರ ಎರಡು ದೋಣಿಯಲ್ಲಿ ಕಾಲಿಟ್ಟ ಅಳತೆ. ತೂಕದ ಸೇರು ಒಂದಿತ್ತು, ಬ್ರಿಟಿಷ್ ಸರ್ಕಾರ ನಿಗದಿ ಮಾಡಿದಂತೆ 80 ತೊಲ, ಈಗಿನ ಲೆಕ್ಕದಲ್ಲಿ ಸುಮಾರು 933 ಗ್ರಾಂ. ಪಾತ್ರೆಯ ಸೇರು ಇನ್ನೊಂದು, ಇಂದು ಅದನ್ನು ಒಂದು ಲೀಟರ್ ಎಂದೇ ಹಿಡಿಯುತ್ತೇವೆ. ಒಂದು ಸೇರು ಅಕ್ಕಿ ಎಂದರೆ ಮೊದಲನೆಯದರಲ್ಲಿ 933 ಗ್ರಾಂ, ಎರಡನೆಯದರಲ್ಲಿ 800 ಗ್ರಾಂ ಆಸುಪಾಸು. ಅಜ್ಜಿಯ ಕಾಲದ ಚೀಟಿಯಲ್ಲಿ ಸೇರು ಎಂದಿದ್ದರೆ ಯಾವ ಸೇರು ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

1956ರಲ್ಲಿ ಸಂಸತ್ತು ತೂಕ ಮತ್ತು ಅಳತೆಗಳ ಕಾಯ್ದೆ ತಂದಿತು. 1958ರ ಅಕ್ಟೋಬರ್ 1ರಿಂದ ಕಿಲೋಗ್ರಾಂ ಹಂತಹಂತವಾಗಿ ಅಂಗಡಿಗಳಿಗೆ ಬಂತು. ಅಂಗಡಿ ತಕ್ಕಡಿಗೆ ಹೋಯಿತು, ಅಡುಗೆಮನೆ ಪಾವಿನಲ್ಲೇ ಉಳಿಯಿತು. ಇವೆರಡರ ನಡುವಿನ ಸೇತುವೆಯನ್ನು ಕಟ್ಟಿಕೊಟ್ಟವರು ಮದುವೆ ಮನೆಯ ಅಡುಗೆ ಭಟ್ಟರು. ಐನೂರು ಎಲೆಗೆ ಸಾಮಾನು ಪಟ್ಟಿ ಬರೆಸುವಾಗ ಅವರು ಹೇಳುವುದು ಕೆಜಿಯಲ್ಲಿ, ಒಲೆಯ ಮುಂದೆ ಅಳೆಯುವುದು ಸೇರು, ಡಬ್ಬ, ಕೊಳಗದಲ್ಲಿ. ಒಂದು ಕೆಜಿ ಅಕ್ಕಿಗೆ ಐದು ಪಾವು ಎಂಬುದು ಅವರಿಗೆ ಬಾಯಿಪಾಠ. 250 ಮಿ.ಲೀ. ಪಾವಿಗೆ 200 ಗ್ರಾಂ ಅಕ್ಕಿ ಹಿಡಿದು ನೋಡಿದರೆ ಆ ಲೆಕ್ಕ ತಪ್ಪಿಲ್ಲ. ಪಾವಿನ ಅಳತೆ ಇಂದಿಗೂ ಪೂರ್ತಿ ಹೋಗಿಲ್ಲ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯಲ್ಲಿ ಕಾಯಿಯನ್ನು ಸೇರಿನಲ್ಲಿ ಅಳೆದು ಕೊಡುತ್ತಾರೆ, ಸಂತೆಯಲ್ಲಿ ಮಂಡಕ್ಕಿಯನ್ನೂ ಹಾಗೆಯೇ. ಅಷ್ಟು ಹಗುರವಾದ ಮಂಡಕ್ಕಿಯನ್ನು ಕಣ್ಣಿಗೆ ಕಾಣುವಷ್ಟು ಅಳೆದು ಕೊಡುವುದೇ ಸರಿ.

ಪಾವು ಇದ್ದ ಜಾಗಕ್ಕೆ ಈಗ ಕಪ್ ಬಂದಿದೆ, ಅದರ ಜೊತೆ ಹೊಸ ಗೊಂದಲವೂ. ಮಟ್ಟಸವಾಗಿ ಸವರಿದ ಕಪ್, ಚಮಚಗಳ ಪದ್ಧತಿಯನ್ನು ಅಮೆರಿಕದಲ್ಲಿ ಜನಪ್ರಿಯಗೊಳಿಸಿದವರು ಫ್ಯಾನಿ ಫಾರ್ಮರ್. 1896ರಲ್ಲಿ ಬಂದ ಅವರ ಬಾಸ್ಟನ್ ಅಡುಗೆ ಶಾಲೆಯ ಪುಸ್ತಕ ಅದಕ್ಕೆ ದಾರಿ ಮಾಡಿತು. ಅಲ್ಲಿನ ಕಪ್ ಸುಮಾರು 237 ಮಿ.ಲೀ., ಆಸ್ಟ್ರೇಲಿಯಾದ ಕಪ್ 250, ಜಪಾನಿನ ಅಡುಗೆ ಕಪ್ 200. ನಮ್ಮ ಮನೆಗಳಲ್ಲಿ ಎಲೆಕ್ಟ್ರಿಕ್ ಕುಕ್ಕರಿನ ಜೊತೆ ಬರುವ ಪ್ಲಾಸ್ಟಿಕ್ ಕಪ್ ಸಾಮಾನ್ಯವಾಗಿ 180 ಮಿ.ಲೀ., ಅದು ಜಪಾನಿನ ‘ಗೋ’ ಎಂಬ ಹಳೆಯ ಅಕ್ಕಿ ಅಳತೆಯಿಂದ ಬಂದದ್ದು. ಕುಕ್ಕರಿನ ಒಳಪಾತ್ರೆಯ ನೀರಿನ ಗೆರೆಗಳೂ ಆ ಕಪ್ಪಿಗೆ ಹೊಂದುವಂತೆ ಹಾಕಿದವು. ಪಾವಿನಲ್ಲಿ ಅಕ್ಕಿ ಅಳೆದು ಗೆರೆ ನೋಡಿ ನೀರು ಹಾಕಿದರೆ ಅನ್ನ ಬೇಯದೆ ಗಡುಸಾಗುತ್ತದೆ. ಚಮಚದಲ್ಲೂ ಹೀಗೆಯೇ: ದೊಡ್ಡ ಚಮಚ ಬಹುತೇಕ ಕಡೆ 15 ಮಿ.ಲೀ., ಆಸ್ಟ್ರೇಲಿಯಾದಲ್ಲಿ 20. ಮೆಲ್ಬರ್ನಿನಲ್ಲಿರುವ ಮಗಳು ಮೈಸೂರಿನ ಅಮ್ಮನ ಲೆಕ್ಕದಂತೆ ಮೂರು ದೊಡ್ಡ ಚಮಚ ಉಪ್ಪು ಹಾಕಿದರೆ ಅದು ಇಲ್ಲಿನ ನಾಲ್ಕು ಚಮಚ.

ಒಂದೇ ಬಟ್ಟಲನ್ನು ಎಲ್ಲಕ್ಕೂ ಬಳಸುವವರೆಗೆ ಬಟ್ಟಲು ಎಷ್ಟು ದೊಡ್ಡದಾದರೂ ತೊಂದರೆಯಿಲ್ಲ, ಪ್ರಮಾಣ ಕೆಡುವುದಿಲ್ಲ. ನಮ್ಮ ಹಿರಿಯರ ಬಟ್ಟಲಿನ ಲೆಕ್ಕ ಇಷ್ಟು ಕಾಲ ಬಾಳಿದ್ದೇ ಈ ಬಲದಿಂದ, ಅದನ್ನು ಹಗುರವಾಗಿ ಕಾಣಬೇಕಿಲ್ಲ. ಬಟ್ಟಲಿನ ಲೆಕ್ಕ ಒಡೆಯುವುದು ಅರ್ಧವನ್ನು ಬಟ್ಟಲಿನಲ್ಲೂ ಅರ್ಧವನ್ನು ಪೊಟ್ಟಣದ ತೂಕದಲ್ಲೂ ತೆಗೆದುಕೊಂಡಾಗ, ಅಥವಾ ಪಾಕವಿಧಾನ ಊರು ಬಿಟ್ಟು ಊರಿಗೆ ಹೋದಾಗ.

ಎಣ್ಣೆಯ ಪ್ಯಾಕೆಟ್ಟನ್ನು ಒಮ್ಮೆ ತಿರುಗಿಸಿ ನೋಡಿ. ಒಂದು ಲೀಟರ್ ಎಂದಿರುವ ಕಡೆಯಲ್ಲೇ 910 ಗ್ರಾಂ ಎಂದು ಅಚ್ಚಾಗಿರುತ್ತದೆ. ಬಿಸಿಯಾದಂತೆ ಎಣ್ಣೆ ಹಿಗ್ಗುವುದರಿಂದ ಈ ಅಂಕಿ ಉಷ್ಣತೆಗೆ ತಕ್ಕಂತೆ ಜಾರುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ 892.6 ಗ್ರಾಂ ತೂಗುತ್ತದೆ ಎಂದು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ಲೆಕ್ಕ ಕೊಟ್ಟಿತ್ತು. ಹೆಚ್ಚಿನ ಉಷ್ಣತೆಯನ್ನು ನಮೂದಿಸಿ ಲೀಟರ್ ಲೆಕ್ಕದಲ್ಲಿ ಮಾರಿದರೆ ಗ್ರಾಹಕನಿಗೆ ಕಡಿಮೆ ಎಣ್ಣೆ ಸಿಗುತ್ತದೆ. ಆದ್ದರಿಂದ ಉಷ್ಣತೆಯ ನಮೂದು ಬಿಟ್ಟು, ಲೀಟರಿನ ಜೊತೆ ತೂಕವನ್ನೂ ಸರಿಯಾಗಿ ಬರೆಯಬೇಕೆಂದು ಇಲಾಖೆ ತಯಾರಕರಿಗೆ ಸೂಚಿಸಿತು. ಸಮಾರಂಭಕ್ಕೆ ಟಿನ್ನುಗಟ್ಟಲೆ ಎಣ್ಣೆ ತರಿಸುವವರು ಇದನ್ನು ಖಂಡಿತ ನೋಡಬೇಕು. 15 ಲೀಟರಿನ ಟಿನ್ನಿನಲ್ಲಿ ಇರುವುದು ಸುಮಾರು 13.65 ಕೆಜಿ ಎಣ್ಣೆ, 15 ಕೆಜಿ ಟಿನ್ನಿನಲ್ಲಿ ಹದಿನಾರೂವರೆ ಲೀಟರಿನಷ್ಟು. ಬೆಲೆ ಹೋಲಿಸುವ ಮೊದಲು ಎರಡನ್ನೂ ಕೆಜಿಗೆ ಇಳಿಸಿಕೊಳ್ಳಿ.

ಉಪ್ಪಿನ ಮಾತು ಹೇಳದೆ ಬಿಡುವಂತಿಲ್ಲ. ಪುಡಿಉಪ್ಪು ಒಂದು ಸಣ್ಣ ಚಮಚಕ್ಕೆ ಸುಮಾರು 6 ಗ್ರಾಂ. ಕಲ್ಲುಪ್ಪನ್ನು ಅದೇ ಚಮಚದಲ್ಲಿ ತೆಗೆದರೆ ಹರಳಿನ ಗಾತ್ರ ನೋಡಿಕೊಂಡು ಎಷ್ಟಾದರೂ ಆಗಬಹುದು. ಹರಳೇ ಚಮಚದ ಗುಳಿಯನ್ನು ಅರ್ಧ ತುಂಬುವಾಗ ಮಟ್ಟಸ ಎಂಬ ಮಾತಿಗೆ ಅರ್ಥವಿಲ್ಲ. ಸಾರಿಗಾದರೆ ರುಚಿ ನೋಡಿ ಸರಿಮಾಡಿಕೊಳ್ಳಬಹುದು. ಮಿಡಿ ಉಪ್ಪಿನಕಾಯಿಗೆ ಹಾಗಲ್ಲ: ಅಲ್ಲಿ ಉಪ್ಪು ರುಚಿಗೆ ಮಾತ್ರವಲ್ಲ, ಕಾಯಿ ಕೆಡದಿರಲೂ ಬೇಕು. ಕಲ್ಲುಪ್ಪಿನ ಕಾಲದಲ್ಲಿ ಬರೆದ ಅಳತೆಗೆ ಪುಡಿಉಪ್ಪು ತುಂಬಿದರೆ ಬಾಯಿಗಿಡಲಾಗದಷ್ಟು ಉಪ್ಪಾಗುತ್ತದೆ, ಹೆದರಿ ಕಡಿಮೆ ಮಾಡಿದರೆ ಬೂಸ್ಟು ಹಿಡಿಯುತ್ತದೆ. ಮಿಡಿಯನ್ನೂ ಉಪ್ಪನ್ನೂ ತೂಗಿ ಹಾಕುವುದೊಂದೇ ಇಲ್ಲಿ ನಂಬಬಹುದಾದ ದಾರಿ.

ಮನೆಯಲ್ಲಿ ಬಳಸುವ ಡಿಜಿಟಲ್ ತಕ್ಕಡಿ ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರಲ್ಲಿ ನನಗೆ ತುಂಬ ಮೆಚ್ಚುಗೆಯಾದದ್ದು ತೂಕವನ್ನು ಸೊನ್ನೆಗೆ ತರುವ ಗುಂಡಿ. ಪಾತ್ರೆ ಇಟ್ಟು ಒತ್ತಿದರೆ ಸೊನ್ನೆ, ಹಿಟ್ಟು ಸುರಿದು ಒತ್ತಿದರೆ ಮತ್ತೆ ಸೊನ್ನೆ, ಅದರ ಮೇಲೇ ಸಕ್ಕರೆ. ತೊಳೆಯಲು ಲೋಟ, ಬಟ್ಟಲು ಬೀಳುವುದೇ ಇಲ್ಲ. ಆದರೆ ಇಂಥ ತಕ್ಕಡಿಗಳು ಬಹುತೇಕ ಒಂದು ಗ್ರಾಂ ಲೆಕ್ಕದಲ್ಲಿ ಏರಿಳಿಯುವಂಥವು. ಕಾಲು ಚಮಚ ಅಡುಗೆ ಸೋಡಾ ಒಂದು ಗ್ರಾಮಿಗಿಂತ ತುಸು ಹೆಚ್ಚು. ಅದನ್ನು ತಕ್ಕಡಿಯಲ್ಲಿ ತೂಗಲು ಹೋದರೆ ಅರ್ಧ ಗ್ರಾಮಿನ ವ್ಯತ್ಯಾಸವೇ ಅರ್ಧದಷ್ಟು ತಪ್ಪಾಗಿಬಿಡುತ್ತದೆ. ಸೋಡಾ, ಅರಿಸಿನ, ಇಂಗು, ಏಲಕ್ಕಿ ಪುಡಿಗೆ ಚಮಚವೇ ಲೇಸು. ಹಿಟ್ಟು, ಸಕ್ಕರೆ, ಬೆಲ್ಲ, ತುರಿಗೆ ತಕ್ಕಡಿ.

ತಕ್ಕಡಿ ತಂದವರು ಮೊದಲು ಮಾಡಬೇಕಾದ ಕೆಲಸ ಮನೆಯ ಪಾವನ್ನು ಅಳೆಯುವುದು. ಖಾಲಿ ಪಾವು ಇಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ತಕ್ಕಡಿ ತೋರಿಸಿದ ಗ್ರಾಮೇ ಪಾವಿನ ಮಿಲಿಲೀಟರ್. ನಮ್ಮ ಹವೆಯಲ್ಲಿ ಬರುವ ವ್ಯತ್ಯಾಸ ಶೇ ಅರ್ಧಕ್ಕಿಂತ ಕಡಿಮೆ, ಅಡುಗೆಗೆ ಅದು ಲೆಕ್ಕಕ್ಕಿಲ್ಲ. ನಂತರ ಅದೇ ಪಾವಿನಲ್ಲಿ, ನೀವು ದಿನವೂ ಅಳೆಯುವ ರೀತಿಯಲ್ಲೇ, ಒಂದೊಂದೇ ಪದಾರ್ಥ ತುಂಬಿ ತೂಗಿ. ಆ ತೂಕವನ್ನು ಪಾವಿನ ಮಿಲಿಲೀಟರಿನಿಂದ ಭಾಗಿಸಿದರೆ ಬರುವುದು ಆ ಪದಾರ್ಥದ ಸಂಖ್ಯೆ. ಅದೊಂದು ಕೈಯಲ್ಲಿದ್ದರೆ ಯಾವ ದೇಶದ ಕಪ್ಪಿಗೂ ಗುಣಿಸಿಕೊಳ್ಳಬಹುದು. ಹೋಲಿಸಿ ನೋಡಲು ಬೇಕಾದರೆ, 250 ಮಿ.ಲೀ. ಪಾವಿಗೆ ಅಕ್ಕಿ 200 ಗ್ರಾಂ ಆಸುಪಾಸು, ಸಕ್ಕರೆ 210, ಉದ್ದು 215ರಿಂದ 220, ರವೆ 175, ಮೈದಾ 130, ಜರಡಿ ಹಿಡಿದ ಕಡಲೆಹಿಟ್ಟು 100ರ ಒಳಗೆ, ಎಣ್ಣೆ 230, ಜೇನು 355, ಸಡಿಲ ತೆಂಗಿನತುರಿ 85. ನಿಮ್ಮ ಅಂಕಿ ಇದಕ್ಕಿಂತ ಬೇರೆ ಬಂದರೆ ನಿಮ್ಮದನ್ನೇ ನಂಬಿ, ಏಕೆಂದರೆ ಅದು ನಿಮ್ಮ ಹಿಟ್ಟು, ನಿಮ್ಮ ಕೈ. ತುಪ್ಪವನ್ನು ಮಾತ್ರ ಕರಗಿಸಿಯೇ ಅಳೆಯಿರಿ, ಮರಳುಮರಳಾಗಿ ಹೆಪ್ಪುಗಟ್ಟಿದ ತುಪ್ಪದ ನಡುವೆ ಗಾಳಿ ಸೇರಿಕೊಂಡಿರುತ್ತದೆ.

ತೂಕ ಎಲ್ಲವನ್ನೂ ಹೇಳುತ್ತದೆ ಎಂದು ನಾನು ಹೇಳಲಾರೆ. ಹೊಸ ಅಕ್ಕಿ ಮತ್ತು ಹಳೆ ಅಕ್ಕಿ ಒಂದೇ ತೂಕಕ್ಕೆ ಒಂದೇ ನೀರು ಕುಡಿಯುವುದಿಲ್ಲ. ಎರಡು ಗಿರಣಿಗಳ ಗೋಧಿಹಿಟ್ಟು ಒಂದೇ ನೀರಿಗೆ ಒಂದೇ ಹದಕ್ಕೆ ಬರುವುದಿಲ್ಲ. ಮುದ್ದೆ ತೊಳಸುವಾಗ ಕೋಲಿಗೆ ಸಿಗುವ ಬಿಗಿಯನ್ನು, ಪಾಕದ ಎಳೆಯನ್ನು ಬೆರಳಿಗಿಂತ ಚೆನ್ನಾಗಿ ಹೇಳುವ ಯಂತ್ರ ಮನೆಗಳಲ್ಲಿ ಇಲ್ಲ. ಆದರೆ ಆ ಹದ ಕಲಿಯಬೇಕಾದರೆ ಪ್ರತಿ ಸಲವೂ ಒಂದೇ ಜಾಗದಿಂದ ಹೊರಡಬೇಕು. ಹಿಟ್ಟು ಒಂದು ದಿನ 120 ಗ್ರಾಂ, ಇನ್ನೊಂದು ದಿನ 150 ಗ್ರಾಂ ಆದರೆ ಕೈ ಕಲಿಯುವುದಾದರೂ ಯಾವುದನ್ನು?

ಪತ್ರಿಕೆಗಳಲ್ಲಿ, ವಿಡಿಯೊಗಳಲ್ಲಿ, ಪುಸ್ತಕಗಳಲ್ಲಿ ಕನ್ನಡದ ಅಡುಗೆ ಹೇಳಿಕೊಡುವವರಲ್ಲಿ ನನ್ನ ವಿನಂತಿ ಇಷ್ಟೆ. ಕಪ್ ಎಂದು ಬರೆದರೆ ಎಷ್ಟು ಮಿ.ಲೀ. ಕಪ್ ಎಂದು ಮೊದಲಲ್ಲೇ ಒಂದು ಸಲ ಹೇಳಿ. ಹಿಟ್ಟು, ಬೆಲ್ಲ, ತೆಂಗಿನತುರಿ, ಉಪ್ಪಿನ ಮುಂದೆ ಗ್ರಾಂ ಕೂಡ ಬರೆಯಿರಿ. ಇನ್ನು ಓದುವವರಿಗೆ: ಮನೆಯ ಹಿರಿಯರು ಯಾವ ಬಟ್ಟಲಿನಲ್ಲಿ ಅಳೆದು ಹೋಳಿಗೆ, ಉಪ್ಪಿನಕಾಯಿ ಮಾಡುತ್ತಾರೋ ಆ ಬಟ್ಟಲಿಗೆ ನೀರು ತುಂಬಿ, ಎಷ್ಟು ಹಿಡಿಯುತ್ತದೆ ಎಂದು ತೂಗಿ, ಅವರ ಅಡುಗೆಯ ಚೀಟಿಯ ಮೇಲೇ ಬರೆದಿಡಿ.